ಮುಂಬೈಯ ರೇಟು, ನನ್ನ ಮೇಜಿನ ವೈರು

ಗೋವಾದ ಕುಂಡಯಿಯಲ್ಲಿರುವ ನಮ್ಮ ಪೈಪ್ ಕಾರ್ಖಾನೆಯ ಸಾಲಕ್ಕೆ ಬಡ್ಡಿ ಏರಿಳಿಯುವುದು, ಮುಂಬೈಯಲ್ಲಿ ಬ್ಯಾಂಕುಗಳು ಒಂದಕ್ಕೊಂದು ಒಂದು ರಾತ್ರಿಯ ಮಟ್ಟಿಗೆ ಸಾಲ ಕೊಟ್ಟುಕೊಳ್ಳುವ ದರ ನೋಡಿಕೊಂಡು. ಆ ದರವನ್ನು ದಿನಾ ಹನ್ನೊಂದರ ಚಹಾದ ಹೊತ್ತಿಗೆ ತಿಳಿದುಕೊಳ್ಳುವ ಪವಿತ್ರ ಕರ್ತವ್ಯ ನಮ್ಮ ಅಕೌಂಟ್ಸ್ ಸಾಹೇಬರದು. ಬೆಳಗಾವಿಯವರು. ಮುಂಬೈಯ ಬ್ಯಾಂಕೊಂದರಲ್ಲಿದ್ದ ಹಳೆಯ ರೂಮ್‌ಮೇಟ್‌ಗೆ ಫೋನ್ ಹಚ್ಚಿ, ಫೋನೇ ಬೇಡ ಅನ್ನುವಷ್ಟು ಜೋರಾಗಿ ಮಾತಾಡುತ್ತಿದ್ದರು. ರೇಟಿಗೆ ಅರ್ಧ ನಿಮಿಷ. ಉಳಿದದ್ದೆಲ್ಲ ಬಿಪಿ, ಸಕ್ಕರೆ, ಬೀಗರ ಸೊಕ್ಕು. ಎದುರು ಮೇಜಿನ ನನಗೆ ಆ ಬೀಗರ ಜಾತಕ ಬಾಯಿಪಾಠವಾಗಿತ್ತು.

ಒಂದು ದಿನ ಮ್ಯಾನೇಜರ್ ಹಿಂದಿನ ವರ್ಷಗಳ ದರವೆಲ್ಲ ಗ್ರಾಫ್ ಆಗಿ ಬೇಕೆಂದರು. ಆಗಷ್ಟೇ ಪೈಥಾನ್ ಕಲಿತಿದ್ದ ನಾನು ಎದೆಯುಬ್ಬಿಸಿ ಒಪ್ಪಿಕೊಂಡೆ. ವೆಬ್‌ಸೈಟಿನಿಂದ ದರ ತಂದು, ತಾರೀಖಿನ ಪ್ರಕಾರ ಜೋಡಿಸಿ ಗೆರೆ ಎಳೆಯುವ ಪ್ರೋಗ್ರಾಂ ಬರೆದೆ. ಮೊದಲ ಗ್ರಾಫ್‌ನಲ್ಲಿ ದರ ಪ್ರತಿ ಶನಿವಾರ ಸೊನ್ನೆಗೆ ಬಿದ್ದು ಸೋಮವಾರ ಎದ್ದು ಕೂತಿತ್ತು. ರಜೆಯ ಖಾಲಿ ಜಾಗಕ್ಕೆಲ್ಲ ನಾನು ಸೊನ್ನೆ ತುಂಬಿದ್ದೆ.

“ಹಂಗಾರ ಶನಿವಾರ ಸಾಲಾ ತಗೊಂಡು ಸೋಮವಾರ ಮುಂಜಾನೆ ಕೊಟ್ಟುಬಿಡೂಣೇನ್ರಿ?” ಎಂದರು ಸಾಹೇಬರು, ಇಡೀ ಆಫೀಸಿಗೆ ಕೇಳುವಂತೆ.

ನನಗೆ ಉರಿದುಹೋಯಿತು. ಸೊನ್ನೆಗಳನ್ನೆಲ್ಲ ಕಿತ್ತು ರಜೆಗಳ ಪಟ್ಟಿ ಸೇರಿಸಿದೆ. ಚೌತಿಗೆ ಗೋವಾದಲ್ಲಿ ಎರಡು ದಿನ ರಜೆ, ಮುಂಬೈ ಪೇಟೆಗೆ ಒಂದೇ. ಅದನ್ನೂ ಬಿಡದೆ ತಿದ್ದಿದೆ. ಪ್ರೋಗ್ರಾಂ ದಿನಾ ತಾನೇ ದರ ತಂದು ಗೆರೆಗೆ ಸೇರಿಸತೊಡಗಿತು. ಇನ್ನು ಫೋನ್ ಬೇಕಿಲ್ಲ ಎಂದು ಮ್ಯಾನೇಜರ್ ಹೇಳಿಬಿಟ್ಟರು. ಆಫೀಸಿನಲ್ಲಿ ಎಂಥ ಶಾಂತಿ! ಸಾಹೇಬರು ಮಾತ್ರ ಹನ್ನೊಂದಕ್ಕೆ ಚಹಾ ಆರಲು ಬಿಟ್ಟು ಗೋಡೆ ನೋಡುತ್ತ ಕೂರುತ್ತಿದ್ದರು.

ಕೆಲವು ವಾರ ಕಳೆದ ಮೇಲೆ ಮುಂಬೈಯ ಆ ಗೆಳೆಯರೇ ನನ್ನ ಮೇಜಿನ ಫೋನಿಗೆ ಕರೆ ಮಾಡಿದರು. “ಅಂವಾ ಅದಾನೋ, ಮ್ಯಾಲಿನ ಟಿಕೆಟ್ ತಗೊಂಡಾನೋ? ನಾ ಕೇಳಿದೆ ಅಂತ ಮಾತ್ರ ಹೇಳಬ್ಯಾಡ್ರಿ ಮತ್ತ.”

ತಕ್ಷಣ ಹೋಗಿ ಸಾಹೇಬರಿಗೆ ಹೇಳಿದೆ. “ನೀವಽ ಒಂದು ಫೋನ್ ಹಚ್ಚಬಾರದೇನ್ರಿ ಸರ್?”

“ರೇಟ್ ಕೇಳೂದಿಲ್ಲಂದ್ರ ಏನಂತ ಹಚ್ಚಲಿ? ನಿನ್ನ ನೆನಪಾತು ಅನ್ನಲೇನು? ನಾವೇನು ಕಾಲೇಜು ಹುಡುಗ್ಯಾರೇನ್ರಿ?” ಎಂದು ಗದರಿದರು. ಆದರೆ ಮುಖ ಮಾತ್ರ ಮೊದಲ ದಿನ ಶಾಲೆಯಲ್ಲಿ ಬಿಟ್ಟುಹೋದ ಮಗುವಿನದು. ಪಾಪ ಅನ್ನಿಸಿತು, ಸುಳ್ಳೇಕೆ ಹೇಳಲಿ.

ಮರುದಿನ ಚಹಾ ಕುಡಿದು ಬಂದರೆ ನನ್ನ ಮೇಜಿನ ಕೆಳಗೆ ಸಾಹೇಬರ ಬೆನ್ನು! ಆ ತೂಕದ ಮನುಷ್ಯ ನೆಲಕ್ಕೆ ಕೈಯೂರಿ, ಉಸ್ಸಪ್ಪಾ ಎನ್ನುತ್ತ ಇಂಟರ್‌ನೆಟ್ ವೈರನ್ನು ಜಗ್ಗುತ್ತಿದ್ದರು. ಅದು ಕಿತ್ತು ಬಂತು. ಎದ್ದವರು ನನ್ನನ್ನು ಕಂಡು ಒಂದಿಷ್ಟೂ ಅಳುಕಲಿಲ್ಲ.

“ನೋಡ್ರಿ, ನಿಮ್ಮ ಮಶಿನ್ ಕೈ ಕೊಟ್ಟೈತಿ. ಇವತ್ತಿನ ರೇಟ್ ಯಾರರೆ ಕೇಳಬೇಕಲ್ಲ,” ಎನ್ನುತ್ತ, ಒಂದು ಕೈಯಲ್ಲಿ ವೈರು ಹಿಡಿದೇ ಇನ್ನೊಂದರಲ್ಲಿ ನಂಬರ್ ಒತ್ತತೊಡಗಿದರು.

ಮ್ಯಾನೇಜರ್ ಕೋಣೆ ಪಕ್ಕದಲ್ಲೇ ಇತ್ತು. ನಾನು ಹೋಗಿ ನಡುವಿನ ಬಾಗಿಲು ಹಾಕಿ ಬಂದೆ.