ಭಾವನ ವಾಚು ನಿಂತದ್ದು ಹೇಗೆ

ಅಕ್ಕಾ, ಭಾವನ ವಾಚು ತಾನಾಗಿ ನಿಲ್ಲಲಿಲ್ಲ. ನಾನು ನಿಲ್ಲಿಸಿದೆ. ಅದರೊಳಗಿನ ಒಂದು ಚಕ್ರವನ್ನು ತೆಗೆಸಿ ನಮ್ಮ ಮನೆಯವರ ವಾಚಿಗೆ ಹಾಕಿಸಿದೆ. ಆರು ವರ್ಷದಿಂದ ಅದು ಇವರ ಕೈಯಲ್ಲಿ ಓಡುತ್ತಿದೆ. ನೀನು ಆರು ವರ್ಷದಿಂದ ಕಿವಿಗೆ ಹಿಡಿದು ಹಿಡಿದು ನೋಡುತ್ತಿರುವ ವಾಚಿನ ಹೊಟ್ಟೆ ಖಾಲಿ.

ಇದನ್ನು ಎಷ್ಟು ಸಲ ಬರೆದು ಹರಿದೆನೋ. ಪ್ರತಿ ಸಲವೂ ಆಪರೇಷನ್ನಿನ ವಿಷಯದಿಂದಲೇ ಶುರು ಮಾಡುತ್ತಿದ್ದೆ — ನಿನಗೆ ನನ್ನ ಮೇಲೆ ಮರುಕ ಬರಲಿ ಅಂತ. ಈ ಸಲ ಮಾಡಿದ್ದನ್ನೇ ಮೊದಲು ಬರೆದಿದ್ದೇನೆ.

ಅಪ್ಪ ನಮ್ಮಿಬ್ಬರನ್ನೂ ಒಂದೇ ಚಪ್ಪರದಲ್ಲಿ ಅಣ್ಣತಮ್ಮಂದಿರಿಗೆ ಧಾರೆ ಎರೆದುಕೊಟ್ಟಾಗ ಇಬ್ಬರು ಅಳಿಯಂದಿರಿಗೂ ಒಂದೇ ಥರದ ವಾಚು ತಂದಿದ್ದರಲ್ಲ — ಬಿಳಿ ಡಯಲ್ಲಿನದು, ದಿನಾ ಕೀ ಕೊಡಬೇಕಾದದ್ದು. ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಆಗಬಾರದೆಂದು. ಭಾವ ತೀರಿಕೊಂಡ ಮೇಲೆ ನೀನು ಬೆಳಗ್ಗೆ ದೇವರಿಗೆ ದೀಪ ಹಚ್ಚಿ, ಆಮೇಲೆ ಆ ವಾಚಿಗೆ ಕೀ ಕೊಡುತ್ತಿದ್ದೆ. ಕೀ ಕೊಡುತ್ತಾ ಮೆಲ್ಲಗೆ ಏನೋ ಹೇಳುತ್ತಿದ್ದೆ. ನಾನು ಕೇಳಿಸಿಕೊಂಡಿದ್ದೇನೆ — ಹಾಲಿನವನು ಬರಲಿಲ್ಲ, ಮೊಣಕಾಲು ನೋಯುತ್ತಿದೆ, ಇಂಥವೇ.

ಆರು ವರ್ಷದ ಹಿಂದೆ ನೀನು ಬೇಲೂರಿನಿಂದ ನಮ್ಮ ಮನೆಗೆ ಬಂದವಳು ಅದನ್ನು ಕರ್ಚೀಫಿನಲ್ಲಿ ಸುತ್ತಿ ನನ್ನ ಕೈಗಿಟ್ಟೆ.

"ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳ್ತದೆ ಕಣೇ. ಥೇಟ್ ನಿನ್ನ ಭಾವನ ಥರಾನೇ. ಮೇಷ್ಟ್ರಾಗಿದ್ರೂ ಬೆಲ್ ಹೊಡೆದ ಮೇಲೇ ಸ್ಕೂಲಿಗೆ ಓಡ್ತಿದ್ದೋರು! ಅರಸೀಕೆರೆಲಿ ಯಾರಾದ್ರೂ ಇದ್ರೆ ಒಂಚೂರು ಆಯಿಲ್ ಹಾಕ್ಸು."

ಇಬ್ಬರೂ ನಕ್ಕೆವು.

ನೀನು ಊರಿಗೆ ಹೋದ ಮೂರನೆಯ ದಿನ ಗೂಡು ಒರೆಸುವಾಗ, ಇವರು ಮರೆತು ಬಿಟ್ಟುಹೋಗಿದ್ದ ವಾಚು ನನ್ನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಂಡು ಕಿವಿಗೆ ಹಿಡಿದೆ — ಸದ್ದಿಲ್ಲ. ಅಲುಗಿಸಿದೆ — ಸದ್ದಿಲ್ಲ. ಮುಂದಿನ ಸೋಮವಾರ ಹಾಸನದಲ್ಲಿ ಇವರ ಎದೆಯ ಆಪರೇಷನ್. ಧಾರೆಯ ದಿನ ಅಪ್ಪ ಕಟ್ಟಿದ ವಾಚು, ಹೆಂಡತಿಯ ಕೈಯಿಂದಲೇ ಬಿದ್ದು ನಿಂತಿದೆ — ಅಪಶಕುನ ಇನ್ನೇನು ಬೇಕು? ತಾಳಿಯನ್ನು ಕಣ್ಣಿಗೊತ್ತಿಕೊಂಡೆ. ಮಾಲೇಕಲ್ಲು ತಿರುಪತಿಗೆ ಹರಕೆ ಹೊತ್ತೆ. ಇವರು ಕೊಬ್ಬರಿ ಮಂಡಿಯಿಂದ ಮನೆಗೆ ಬರುವುದರೊಳಗೆ ಅದು ಓಡಬೇಕಿತ್ತು.

ಎರಡೂ ವಾಚು ತೆಗೆದುಕೊಂಡು ಸ್ಟೇಷನ್ ರಸ್ತೆಗೆ ಹೋದೆ. ಅಲ್ಲಿ ಆಗ ಒಬ್ಬರು ಮುದುಕರು ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದರು. ಇವರ ವಾಚನ್ನು ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರು. ಒಳಗೆ ಅತ್ತಿತ್ತ ಓಲಾಡುವ ಚಕ್ರವಿರುತ್ತದಂತೆ, ಬ್ಯಾಲೆನ್ಸ್ ಅನ್ನುತ್ತಾರೆ. ಅದರ ಕಡ್ಡಿ ಮುರಿದಿತ್ತು.

"ಈ ಕಂಪ್ನಿ ಮುಚ್ಚಿ ಯಾವ ಕಾಲ ಆಯ್ತಮ್ಮ. ಹೊಸದು ಸಿಗಲ್ಲ. ಇದೇ ಥರದ್ದು ಕೆಟ್ಟಿರೋ ವಾಚು ಎಲ್ಲಾದ್ರೂ ಸಿಕ್ರೆ ಅದರಿಂದ ತೆಗೆದು ಹಾಕ್ಬೋದು."

ಕರ್ಚೀಫು ಬಿಚ್ಚಿ ಭಾವನ ವಾಚನ್ನು ಮುಂದಿಟ್ಟೆ.

"ಇದರದ್ದು ತೆಗೆದು ಅದಕ್ಕೆ ಹಾಕಿಬಿಡಿ."

ಅವರು ಅದನ್ನು ಕಿವಿಯ ಹತ್ತಿರ ಹಿಡಿದು ನನ್ನ ಮುಖ ನೋಡಿದರು. "ಇದು ಓಡ್ತಾ ಐತಲ್ಲಮ್ಮ! ಜೀವ ಇರೋದನ್ನ ಯಾಕೆ ಸಾಯಿಸ್ತೀರಾ?"

"ಅದನ್ನ ಕಟ್ಕೊಳ್ಳೋರು ಇಲ್ಲ" ಅಂದೆ.

ಅಂದುಬಿಟ್ಟೆ, ಅಕ್ಕ. ಮನಸ್ಸಿನಲ್ಲಿ ಇನ್ನೂ ಕೆಟ್ಟದ್ದಿತ್ತು — ನಿನ್ನದು ಹೋಗುವುದು ಹೋಗಿಯೇ ಆಗಿದೆ, ನನ್ನದಾದರೂ ಉಳಿಯಲಿ. ಹೀಗೇ ಅಂದುಕೊಂಡೆ. ಬೇರೆ ಮಾತು ಹಾಕಿ ಮುಚ್ಚಲು ನೋಡಿದರೂ ಅದು ಹೀಗೇ ಇದೆ.

ಕೆಲಸ ಮುಗಿಸಿ ಅವರು ಎರಡೂ ಮುಚ್ಚಳಗಳ ಒಳಗೆ ಸೂಜಿಯಿಂದ ಏನೋ ಗೀಚಿದರು. ಏನದು ಅಂತ ಕೇಳಿದೆ. "ಯಾವ ದಿನ ಏನು ತೆಗೆದೆ, ಏನು ಹಾಕ್ದೆ ಅಂತ. ನಮ್ಮ ಪದ್ಧತಿ. ಮುಂದೆ ಬಿಚ್ಚೋನಿಗೆ ತಿಳೀಬೇಕಲ್ಲಮ್ಮ."

ಸೋಮವಾರ ಇವರನ್ನು ಒಳಗೆ ಕರೆದುಕೊಂಡು ಹೋಗುವಾಗ ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟರು. ನಾಲ್ಕು ಗಂಟೆ ಅದನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದೆ. ಓಡುತ್ತಲೇ ಇತ್ತು. ಡಾಕ್ಟರು ಹೊರಗೆ ಬಂದು ಎಲ್ಲ ಸರಿಹೋಯಿತು ಅಂದಾಗ ನಾನು ದೇವರಿಗೆ ಕೈಮುಗಿದೆ — ಆ ವಾಚನ್ನು ಹಿಡಿದ ಕೈಯಿಂದಲೇ.

ನಿನಗೆ ಏನು ಹೇಳಿದೆನೆಂದು ನಿನಗೆ ನೆನಪಿದೆ. ಆಯಿಲ್ ಹಾಕುವಾಗ ಬ್ಯಾಲೆನ್ಸ್ ಮುರಿದುಹೋಯಿತಂತೆ, ಹಳೆಯದಲ್ಲವೇ, ಪಾರ್ಟು ಸಿಗುವ ತನಕ ಬಿಚ್ಚಬಾರದಂತೆ, ಧೂಳು ಹೋಗುತ್ತದಂತೆ. ನೀನು ಸಿಟ್ಟಾಗಲಿಲ್ಲ. "ನಾನೇ ತಪ್ಪು ಮಾಡ್ದೆ ಕಣೇ. ಅವರನ್ನ ಮನೆ ಬಿಟ್ಟು ಕಳಿಸಬಾರದಾಗಿತ್ತು" ಅಂದೆ. ಆಗಲಾದರೂ ಬಾಯಿ ಬಿಡಬೇಕಿತ್ತು... ಆಮೇಲೆ ನೀನು ಬೆಳಗ್ಗೆ ದೀಪ ಹಚ್ಚಿ ಸುಮ್ಮನೆ ಎದ್ದು ಹೋಗುವುದನ್ನೂ ನೋಡಿದ್ದೇನೆ.

ಇವರು ನಿನಗಾಗಿ ಆ ಪಾರ್ಟು ಹುಡುಕದ ಊರಿಲ್ಲ. ತಿಪಟೂರು, ತುಮಕೂರು, ಹಾಸನ, ಮೈಸೂರು. ಹೋದಲ್ಲೆಲ್ಲ ಅಂಗಡಿಯವರ ಮುಂದೆ ತಮ್ಮ ಕೈ ಚಾಚಿ, "ಇದೇ ವಾಚು ಕಣ್ರೀ, ಇದರ ಬ್ಯಾಲೆನ್ಸ್ ಬೇಕು, ನಮ್ಮ ಅತ್ತಿಗೆಗೆ" ಅನ್ನುತ್ತಿದ್ದರು. ಪಕ್ಕದಲ್ಲಿ ನಾನು ಚೀಲ ಹಿಡಿದು ನಿಂತಿರುತ್ತಿದ್ದೆ. ಇಲ್ಲ ಅಂದಾಗಲೆಲ್ಲ ನನಗೆ ಉಸಿರು ಬರುತ್ತಿತ್ತು.

ಹೋದ ವಾರ ಮಂಡಿಯಿಂದಲೇ ಫೋನು ಮಾಡಿದರು. "ಲೇ, ಸಿಕ್ತು ಕಣೇ! ಬಾಣಾವರದಲ್ಲಿ ಒಬ್ಬ ಯಜಮಾನ್ರು ಒಂದು ಡಬ್ಬಿ ತುಂಬ ಹಳೇ ವಾಚು ಇಟ್ಕೊಂಡವ್ರೆ. ನಮ್ಮದೇ ಮಾಡ್ಲು. ಮುಂದಿನ ವಾರ ಭಾನುವಾರ ಎರಡೂ ತಗೊಂಡ್ ಬನ್ನಿ, ಎರಡನ್ನೂ ಬಿಚ್ಚಿ ಹೋಲಿಸಿ ಹಾಕ್ಕೊಡ್ತೀನಿ ಅಂದ್ರು."

ಎರಡನ್ನೂ ಬಿಚ್ಚಿ. ಆ ಎರಡು ಮುಚ್ಚಳಗಳು... ಆ ಮುದುಕರು ಗೀಚಿದ್ದು ಅವುಗಳ ಒಳಗೇ ಇದೆ. ನಾನು ಬೆಳಗ್ಗೆ ಪೂಜೆಗೆ ಕೂತು ದೇವರು ಕೊಟ್ಟ ಸಣ್ಣಪುಟ್ಟದ್ದನ್ನೆಲ್ಲ ಎಣಿಸುವವಳು — ಇವರ ಉಸಿರು, ನಲ್ಲಿಯಲ್ಲಿ ಬಂದ ನೀರು, ಉಕ್ಕದೆ ಉಳಿದ ಹಾಲು. ಶುಕ್ರವಾರ ಎಣಿಸುತ್ತಾ ಎಣಿಸುತ್ತಾ ನನ್ನ ಬಾಯಲ್ಲಿ ಏನು ಬಂತು ಗೊತ್ತೇ? ಆ ಬಾಣಾವರದವರ ಚಕ್ರ ಹೊಂದದೇ ಹೋಗಲಿ, ಸ್ವಾಮಿ. ದೀಪದ ಮುಂದೆ ಕೂತು ಬೇಡಿದೆ, ಅಕ್ಕ. ನಿನ್ನ ವಾಚು ಇನ್ನೂ ಸತ್ತೇ ಇರಲಿ ಅಂತ. ಎದ್ದವಳಿಗೆ ಮಂಗಳಾರತಿ ಎತ್ತಲು ಕೈಯೇ ಬರಲಿಲ್ಲ.

ನಿನ್ನೆ ಇವರಿಗೆ ಹೇಳಿದೆ. ತಮ್ಮ ಕೈಯ ವಾಚನ್ನೇ ನೋಡಿದರು. ಆಮೇಲೆ, "ಹಂಗಾದ್ರೆ ಆಸ್ಪತ್ರೆಲಿ ನನ್ನ ಕೈಲಿ ಓಡ್ತಾ ಇದ್ದದ್ದು ಅಣ್ಣಂದಾ?" ಅಂತ ಕೇಳಿದರು. ಹೌದೆಂದೆ. ವಾಚು ಬಿಚ್ಚಿ ಮೇಜಿನ ಮೇಲಿಟ್ಟರು. "ಅಣ್ಣಂದು ಅಣ್ಣನ ವಾಚಿಗೇ ಹೋಗ್ಲಿ. ಬಾಣಾವರದ್ದು ನನ್ನದಕ್ಕೆ ಆದ್ರೆ ಆಯ್ತು, ಇಲ್ದಿದ್ರೆ ಇಲ್ಲ. ಅತ್ತಿಗೆಗೆ ನೀನೇ ಹೇಳು. ನಾನು ಬರಲ್ಲ." ಅಷ್ಟೇ. ಇವತ್ತು ಬೆಳಗ್ಗೆ ಮಂಡಿಗೆ ಬರಿಗೈಯಲ್ಲಿ ಹೋದರು.

ಎದುರಿಗೆ ಕೂತು ಹೇಳುವ ಧೈರ್ಯ ನನಗಿಲ್ಲ. ನೀನು "ಬಾರೇ, ಬಿಸಿಲಲ್ಲಿ ಬಂದಿದೀಯ" ಅಂತ ಕಾಫಿ ತಂದುಕೊಟ್ಟರೆ ಮತ್ತೆ ಸುಳ್ಳು ಹೇಳಿಬಿಡುತ್ತೇನೆ, ನನ್ನನ್ನು ನಾನು ಬಲ್ಲೆ. ಹಳೇಬೀಡಿನಲ್ಲಿ ಬಸ್ಸು ನಿಂತಾಗಲೇ ಇಳಿದು ವಾಪಸು ಹೋಗಿಬಿಡುವ ಮನಸ್ಸೂ ಬರಬಹುದು. ಅದಕ್ಕೇ ಬರೆದುಕೊಂಡು ಬಂದೆ. ಕಾಗದದ ಜೊತೆ ಇರುವುದು ಇವರ ವಾಚು; ಭಾವನ ಚಕ್ರ ಇನ್ನೂ ಅದರಲ್ಲೇ ಇದೆ, ಕೀ ಕೊಟ್ಟಿದ್ದೇನೆ.

ಇದನ್ನು ನಿನ್ನ ಕೈಗಿಟ್ಟು, ನೀನು ಓದುತ್ತಿರುವಾಗ ನಾನು ಹೊರಗೆ ಜಗುಲಿಯ ಮೇಲೆ ಕೂತಿದ್ದೇನೆ. ಕರೆದರೆ ಒಳಗೆ ಬರುತ್ತೇನೆ. ಕರೆಯದಿದ್ದರೆ ಮೂರು ಗಂಟೆಯ ಬಸ್ಸಿಗೆ ಹೋಗುತ್ತೇನೆ, ಬಾಗಿಲು ತಟ್ಟುವುದಿಲ್ಲ.