ಟೈಲರಕ್ಕ ಸಡಿಲ ಬಿಟ್ಟ ಅಂಗಿ

ನಮ್ಮ ಬೀದಿಯ ಮೂಲೆಯಲ್ಲಿ ಎರಡು ಯಂತ್ರಗಳ ಸಣ್ಣದೊಂದು ಹೊಲಿಗೆ ಅಂಗಡಿಯಿದೆ. ಅದರ ಒಡತಿ ಎಲ್ಲರಿಗೂ ಟೈಲರಕ್ಕ. ಬಟ್ಟೆ ಕತ್ತರಿಸುವವನು ಅವಳ ತಮ್ಮ, ಹೊಲಿಯುವವಳು ಅವಳು. ಇಬ್ಬರ ಬಾಯಿಯೂ ಕತ್ತರಿಯಷ್ಟೇ ಹರಿತ. ಅಳತೆ ಕೊಡಲು ಬಂದವರು ಅವರ ಜಗಳ ಕೇಳುತ್ತ ನಿಂತುಬಿಡುತ್ತಿದ್ದರು.

ಒಮ್ಮೆ ಈ ತಮ್ಮ ಏಣಿಯಿಂದ ಬಿದ್ದು ಸೊಂಟ ನೋಯಿಸಿಕೊಂಡ. ವೈದ್ಯರು ಕೆಲವು ದಿನಗಳ ಮಟ್ಟಿಗೆ ನೋವಿನ ಮಾತ್ರೆ ಕೊಟ್ಟರು. ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ಊಟ ಸೇರದಾಯಿತು. ಹಾಡುಹಗಲೇ ತೂಕಡಿಕೆ, ಮಾತ್ರೆ ತಪ್ಪಿದರೆ ಬೆವರು, ಸಿಡಿಮಿಡಿ. ಅಕ್ಕನೊಡನೆ ಜಗಳವಾಡುವುದನ್ನೂ ಬಿಟ್ಟ. ಅವಳ ಕಣ್ಣಿಗೆ ಬಿದ್ದದ್ದು ಒಂದೇ: ತಮ್ಮನ ಅಂಗಿ ಜೋಲುತ್ತಿದೆ. ಟೈಲರ್ ಅಂಗಡಿಯವನೇ ಜೋಲು ಅಂಗಿ ತೊಟ್ಟರೆ ಮಾನ ಉಳಿದೀತೇ? ಪಕ್ಕ ಬಿಚ್ಚಿ ಬಿಗಿ ಮಾಡಿಕೊಟ್ಟಳು. ಸ್ವಲ್ಪ ದಿನಕ್ಕೆ ಮತ್ತೊಮ್ಮೆ, ಆಮೇಲೆ ಇನ್ನೊಮ್ಮೆ. ಅವಳ ಕೈಗುಣ ಎಂಥದೆಂದರೆ, ಅವನು ಇಳಿದುಹೋಗುತ್ತಿದ್ದುದು ಯಾರಿಗೂ ತಿಳಿಯಲೇ ಇಲ್ಲ.

ಮುಂದಿನ ಸಲ ಅಂಗಿ ಮಗುಚಿದಾಗ ಒಳಗೆ ಸಾಲುಸಾಲು ಹೊಲಿಗೆಗಳು ಕಂಡವು. ಎಲ್ಲವೂ ಅವಳವೇ. ಒಂದೊಂದನ್ನೂ ಬೆರಳಿನಿಂದ ಎಣಿಸಿದಳು: ತಮ್ಮ ಇಷ್ಟೊಂದು ಇಳಿದಿದ್ದಾನೆ! ಅಂಗಿಯನ್ನು ಹಾಗೆಯೇ ತಮ್ಮನಿಗೆ ಕೊಟ್ಟಳು.

"ಬಿಗಿ ಮಾಡ್ಲಿಲ್ವೇನಕ್ಕಾ?"

"ಇನ್ನು ಮಾಡಲ್ಲ ಕಣೋ. ಹಾಕ್ಕೊಂಡು ಕನ್ನಡಿ ಮುಂದೆ ನಿಲ್ಲು."

ನಿಂತ. ಅಂಗಿಯೊಳಗೆ ಇನ್ನೊಬ್ಬನಿಗೆ ಜಾಗವಿತ್ತು.

"ಇನ್ನೂ ಆ ಮಾತ್ರೆ ನುಂಗ್ತಿದ್ದೀಯಾ?"

"ಸೊಂಟ ನೋವು…"

"ನಿನ್ನೆ ಅಷ್ಟು ದೊಡ್ಡ ಬಟ್ಟೆ ಗಂಟು ಒಬ್ಬನೇ ಎತ್ತಿಟ್ಟೆ. ಆಗ ಆ ನೋವು ಎಲ್ಲಿಗೆ ಹೋಗಿತ್ತು?"

ಅವನು ತಲೆ ತಗ್ಗಿಸಿದ. "ಬಿಡೋಕೆ ಹೋದ್ರೆ ಮೈಯೆಲ್ಲ ನಡುಗುತ್ತಕ್ಕಾ. ಒಂದು ಔಷಧಿ ಅಂಗಡೀಲಿ ಕೊಡದಿದ್ರೆ ಇನ್ನೊಂದಕ್ಕೆ ಹೋಗ್ತೀನಿ."

"ಒಬ್ಬನೇ ಬಿಡೋಕೆ ಹೋಗ್ಬೇಡ. ನಡಿ, ಡಾಕ್ಟ್ರನ್ನ ಕೇಳೋಣ."

ವೈದ್ಯರು ಬೈಯಲಿಲ್ಲ. ಮಾತ್ರೆಯನ್ನು ಸ್ವಲ್ಪಸ್ವಲ್ಪವಾಗಿ ತಗ್ಗಿಸಿದರು. ನಡುವೆ ಅವನು ಒಮ್ಮೆ ಜಾರಿ, ಕದ್ದು ಮಾತ್ರೆ ನುಂಗಿದ. ಅಕ್ಕ ಮತ್ತೆ ಕೈಹಿಡಿದು ಕರೆದುಕೊಂಡು ಹೋದಳು. ಕೊನೆಗೆ ಮಾತ್ರೆ ನಿಂತಿತು, ಹಸಿವು ಹಿಂದಿರುಗಿತು.

ಮೊನ್ನೆ ಪ್ಯಾಂಟ್ ಹೊಲಿಸಲು ಬಂದ ಬಸ್ ಡ್ರೈವರ್ ಒಬ್ಬರು ಬೆನ್ನುನೋವಿನ ಮಾತ್ರೆಯನ್ನು ಹೊಗಳತೊಡಗಿದರು. ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಟೈಲರಕ್ಕನ ತಮ್ಮ ಕೇಳಿದ:

"ಅಣ್ಣಾ, ಎಷ್ಟು ದಿನ ತಗೋ ಅಂದಿದ್ರು ಡಾಕ್ಟ್ರು?"

"ನೀನು ಟೈಲರೋ ಡಾಕ್ಟರೋ?"

"ಟೈಲರೇ. ಆ ಗುಂಡೀಲಿ ಬಿದ್ದು ಎದ್ದು ಬಂದಿದ್ದೀನಿ, ಅದಕ್ಕೇ ಕೇಳ್ದೆ. ಕೂತ್ಕೊಳ್ಳಿ, ಹೇಳ್ತೀನಿ."

ಟೈಲರಕ್ಕ ಯಂತ್ರ ನಿಲ್ಲಿಸಿ, ಡ್ರೈವರಿಗೆ ಸ್ಟೂಲು ಸರಿಸಿಕೊಟ್ಟಳು.