ನಡುವಿನ ಎಮ್ಮೆ ಕೇಳಿದ ವಿಠೋಬಾ

ಆಗ ನನಗೆ ನಲವತ್ತೊಂದು. ಇವತ್ತಿಗೆ ಮೂವತ್ತಮೂರು ವರ್ಷದ ಹಿಂದಿನ ಮಾತು. ಗಂಡ ಸತ್ತು ವರ್ಷ ತುಂಬಿರಲಿಲ್ಲ. ಖಾನಾಪುರದ ದನದ ಸಂತೆಯಲ್ಲಿ ನೂರು ಜನರೆದುರು ನಾನು ಒಬ್ಬ ಪರಗಂಡಸಿನ ಕೈ ಹಿಡಿದುಕೊಂಡು ನಿಂತಿದ್ದೆ. ಕೈಗಳ ಮೇಲೆ ಒಂದು ಮಾಸಿದ ಟವೆಲು. ಅದರ ಕೆಳಗೆ ಏನು ನಡೆದಿದೆ ಎಂದು ಸಂತೆಗೆ ಸಂತೆಯೇ ಕಣ್ಣು ಬಿಟ್ಟು ನೋಡುತ್ತಿತ್ತು. ನಡೆದದ್ದು ಎಮ್ಮೆಯ ವ್ಯಾಪಾರ.

ಆ ಕೈ ದಲಾಲ ವಿಠೋಬಾನದು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ, ಬಾಜು ನಿಂತವನಿಗೆ ಗೊತ್ತಾಗಬಾರದು. ನೂರೋ ಸಾವಿರವೋ ಎಂದಷ್ಟೇ ಹೇಳಿ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿಯುತ್ತಾರೆ. ಒಂದು ಬೆರಳಿಗೆ ಒಂದು, ಇಡೀ ಪಂಜಕ್ಕೆ ಐದು, ಬೆರಳಿನ ನಡುಗೆಣ್ಣು ಒತ್ತಿದರೆ ಅರ್ಧ. ಹೆಂಗಸರಿಗೆ ಯಾರೂ ಟವೆಲು ಚಾಚುತ್ತಿರಲಿಲ್ಲ. "ಮನ್ಯಾಗ ಗಂಡಸರ ಇಲ್ಲೇನ, ಅವರನ್ನ ಕಳಸಬೇ" ಎನ್ನುತ್ತಿದ್ದರು. ವಿಠೋಬಾ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ, "ಎಮ್ಮಿ ಹಿಂಡಾಕಿ ನೀನ ಏನ ಅಕ್ಕಾ?"

"ಮತ್ತ ಇನ್ಯಾರು, ನಿಮ್ಮಪ್ಪ?" ಎಂದೆ.

"ಹಂಗಾರ ಕೈ ನಿಂದ ತಾ" ಎಂದು ಟವೆಲು ಹಾಸಿದ.

ಚೆಲುವನೇನಲ್ಲ. ಕುಳ್ಳ, ಮುಂದಿನ ಎರಡು ಹಲ್ಲು ಎಮ್ಮೆ ಒದ್ದು ಹೋಗಿದ್ದವು, ತಲೆಯ ಮೇಲಿನ ಬಿಳಿ ಟೋಪಿ ಬಿಳಿ ಇದ್ದದ್ದನ್ನು ನಾನು ಕಂಡಿಲ್ಲ. ಮನುಷ್ಯರ ಜೊತೆ ಕನ್ನಡ ಮಾತಾಡುತ್ತಿದ್ದ, ಎಮ್ಮೆಗಳ ಜೊತೆ ಮರಾಠಿ. ಯಾಕೋ ಎಂದರೆ, "ಎಮ್ಮಿ ಸುಳ್ಳ ಹೇಳಂಗಿಲ್ಲ ಅಕ್ಕಾ. ಅದಕ್ಕ ಅದರ ಜೋಡಿ ನಮ್ಮವ್ವನ ಭಾಷಾ" ಎನ್ನುತ್ತಿದ್ದ. ಮಾರುವವನಿಂದಲೂ ದಲಾಲಿ ತಿನ್ನುತ್ತಿದ್ದ, ಕೊಳ್ಳುವವನಿಂದಲೂ ತಿನ್ನುತ್ತಿದ್ದ. ಕೇಳಿದರೆ ಮುಚ್ಚಿಡುತ್ತಿರಲಿಲ್ಲ.

ಆದರೆ ಅವನು ತೋರಿಸಿದ ಮೊದಲ ಎಮ್ಮೆಯನ್ನು ಅವನೇ ಕೊಳ್ಳಗೊಡಲಿಲ್ಲ. ಮಾರುವವನ ಮನೆಗೆ ಕರೆದುಕೊಂಡು ಹೋಗಿ ಮೂರು ಹೊತ್ತು ನನ್ನ ಕೈಯಿಂದಲೇ ಹಿಂಡಿಸಿದ. ಮೊದಲ ಹೊತ್ತು ಚರಿಗೆ ತುಂಬಿ ನೊರೆ ಹೊರಗೆ ಬಂತು. ಎರಡನೆಯ ಹೊತ್ತು ಕುತ್ತಿಗೆಗಿಳಿಯಿತು. ಮೂರನೆಯ ಹೊತ್ತಿಗೆ ತಳ ಕಂಡಿತು. ಹಿಂದಿನ ದಿನ ಹಿಂಡದೆ ಬಿಟ್ಟು ಕೆಚ್ಚಲು ತುಂಬಿಸಿ ಇಟ್ಟಿದ್ದರು. ವಿಠೋಬಾ ನಕ್ಕ. "ಮಾರಾಂವ ತೋರಸೂದು ಮೊದಲನೇ ಚರಿಗಿ. ನೀ ಜನ್ಮಾ ಕಳಿಯೂದು ಮೂರನೇದರ ಮ್ಯಾಲ."

ಅನಗೋಳದ ನನ್ನ ಹಿತ್ತಿಲಲ್ಲಿ ಆಮೇಲೆ ಕಟ್ಟಿದ ಹನ್ನೊಂದು ಎಮ್ಮೆಗಳೂ ಅವನು ಆರಿಸಿದವು. ನನ್ನಿಂದ ದಲಾಲಿಯನ್ನು ಅವನು ಸಂತೆಯಲ್ಲಿ ತೆಗೆದುಕೊಳ್ಳುತ್ತಿರಲಿಲ್ಲ. "ಹಾಲ ಬಂದ ಮ್ಯಾಲ ಕೊಡು" ಎನ್ನುತ್ತಿದ್ದ. ಬಂದ ಮೇಲೆ ಒಂದು ದಿನವೂ ಬಿಡುತ್ತಿರಲಿಲ್ಲ.

ಐದು ವರ್ಷದ ಹಿಂದೆ ಮೊಮ್ಮಗಳು ನೀಲಾ ಪಿಯುಸಿ ಮುಗಿಸಿ ಅರ್ಥಶಾಸ್ತ್ರ ಓದುತ್ತೇನೆಂದು ಕೂತಳು. ಸಾಂಬ್ರಾ ರಸ್ತೆಯಲ್ಲಿ ಒಂದು ಹೊಸ ಕಾಲೇಜು ಎದ್ದಿತ್ತು, ಹೊರಗೆಲ್ಲ ಗಾಜು, ಒಳಗೆ ಚಳಿ. ಮೂರು ವರ್ಷಕ್ಕೆ ಹನ್ನೆರಡು ಲಕ್ಷ. ಅವರು ಕೊಟ್ಟ ಬಣ್ಣದ ಪುಸ್ತಕದಲ್ಲಿ ಟೈ ಕಟ್ಟಿದ ಒಬ್ಬ ಹುಡುಗ ಹಲ್ಲು ಬಿಡುತ್ತಿದ್ದ, ಪಕ್ಕದಲ್ಲಿ ಹದಿನೆಂಟು ಲಕ್ಷ ಎಂದು ಬರೆದಿತ್ತು. ನನಗೆ ಓದಲು ಬರುವುದು ಬಸ್ಸಿನ ಬೋರ್ಡು ಮತ್ತು ಅಂಕಿ. ಅಂಕಿ ಓದಿದೆ.

"ವರ್ಷದ ಪಗಾರ ಅಜ್ಜಿ! ಸಾಲ ಒಂದ ವರ್ಷಕ್ಕ ಹರೀತದ" ಎಂದಳು ನೀಲಾ. ಬ್ಯಾಂಕಿನವರು ಮನೆ ಪತ್ರ ಒತ್ತೆ ಇಡಿ ಎಂದರು. ಮನೆ ನನ್ನ ಹೆಸರಿನಲ್ಲಿತ್ತು. ನನ್ನ ಮಗ, ಅವಳಪ್ಪ, "ಸಹಿ ಒಂದ ಮಾಡಿಬಿಡಬೇ" ಎಂದು ಬೆಳಿಗ್ಗೆ ಸಂಜೆ ಜಪಿಸುತ್ತಿದ್ದ. ಆ ಮನೆಯೂ ಹಿತ್ತಿಲೂ ಬಿಟ್ಟರೆ ನನಗೆ ಇನ್ನೇನೂ ಇಲ್ಲ. ಹುಡುಗಿ ಓದಬಾರದು ಎಂದೂ ಇರಲಿಲ್ಲ.

ಆ ವಾರ ಸಂತೆಗೆ ಹೋದಾಗ ಟವೆಲಿನ ಕೆಳಗೆ ವಿಠೋಬಾ ನನ್ನ ಕೈಯನ್ನು ತಟ್ಟನೆ ಬಿಟ್ಟ. "ಅಕ್ಕಾ, ನಿನ್ನ ಕೈ ಇವತ್ತ ಎಮ್ಮಿ ಮ್ಯಾಲಿಲ್ಲ. ಏನಾತು?" ಹೇಳಿದೆ. ಎಲ್ಲ ಕೇಳಿ ಟೋಪಿ ಸರಿಮಾಡಿಕೊಂಡು, "ಸೋಮವಾರ ಬರ್ತೇನಿ. ಆ ಕಾಲೇಜಿನ ಕೊಟ್ಟಿಗಿ ತೋರಸು" ಎಂದ.

ಸೋಮವಾರ ನಾವು ಮೂವರೂ ಆ ಗಾಜಿನ ಕಾಲೇಜಿಗೆ ಹೋದೆವು. ನೀಲಾ ನಮ್ಮಿಂದ ಹತ್ತು ಹೆಜ್ಜೆ ಮುಂದೆ, ಗುರುತಿಲ್ಲದವಳಂತೆ. ಪ್ರವೇಶ ಕೊಡುವ ಸಾಹೇಬ ಕೋಟು ಹಾಕಿಕೊಂಡು ಕೂತಿದ್ದ. ವಿಠೋಬಾ ಬಣ್ಣದ ಪುಸ್ತಕ ಬಿಡಿಸಿ ಟೈ ಹುಡುಗನ ಮೇಲೆ ಬೆರಳಿಟ್ಟ.

"ಇದು ಎಷ್ಟನೇ ಸೂಲಿಂದ್ರಿ?"

"ಏನು?" ಎಂದ ಸಾಹೇಬ.

"ಯಾವ ವರ್ಷ ಹೊರಗ ಬಿದ್ದದ್ದು, ಅಂದೆ. ಇರಲಿ. ಇವನ ಜೋಡಿದಾವು ಉಳದಾವು ಎಲ್ಲಿ ಕಟ್ಟೀರಿ?"

ಸಾಹೇಬ ಸರಾಸರಿ ಪಗಾರ ಹೇಳತೊಡಗಿದ. ವಿಠೋಬಾ ಕೈ ಎತ್ತಿದ. "ಹತ್ತ ಎಮ್ಮಿ ಅದಾವ್ರಿ. ಒಂದ ಇಪ್ಪತ್ತ ಲೀಟರ ಕೊಡ್ತದ, ಒಂಬತ್ತ ಗೊಡ್ಡು. ಸರಾಸರಿ ಎರಡೆರಡ ಲೀಟರ. ಉಳದ ಒಂಬತ್ತ ಮನಿಯವರು ಯಾವ ಹಾಲಿಂದ ಚಾ ಕುಡೀಬೇಕ್ರಿ? ಎಲ್ಲಾರನ್ನೂ ಸಣ್ಣ ಪಗಾರದಿಂದ ದೊಡ್ಡ ಪಗಾರತನಕ ಸಾಲಾಗಿ ನಿಂದರಸ್ರಿ. ಬರೋಬರ್ ನಡುವ ಯಾರ ನಿಂತಾರು, ಆ ಎಮ್ಮಿ ತೋರಸ್ರಿ."

ನಡುವಿನ ಎಮ್ಮೆಯ ಮಾಹಿತಿ ಸದ್ಯಕ್ಕೆ ಇಲ್ಲ ಎಂದ ಸಾಹೇಬ. ಆಗ ವಿಠೋಬಾ ಹೆಗಲ ಮೇಲಿನ ಟವೆಲು ಮೇಜಿನ ಮೇಲೆ ಹಾಸಿ ಅವನ ಕೈಯನ್ನು ಗಪ್ಪನೆ ಹಿಡಿದ. ಸಾಹೇಬ ಕಿರುಚಿಕೊಂಡ. ನೀಲಾ ಮುಖ ಮುಚ್ಚಿಕೊಂಡಳು. "ಹೆದರಬ್ಯಾಡ್ರಿ, ಲಕ್ಷದಾಗ ಮಾತಾಡೂಣು" ಎಂದು ವಿಠೋಬಾ ಬೆರಳು ಒತ್ತಿದ. ಕೈ ಬಿಡಿಸಿಕೊಂಡ ಸಾಹೇಬ ಒಂದು ಲಕ್ಷ ಬಿಡುತ್ತೇವೆ ಎಂದ, ಅದಕ್ಕೆ ವಿದ್ಯಾರ್ಥಿವೇತನ ಎಂದು ಹೆಸರಿಟ್ಟ. ವಿಠೋಬಾ ಎದ್ದು ನಿಂತ. ಎರಡು ಲಕ್ಷ ಎಂದ ಸಾಹೇಬ. ಬಾಗಿಲ ಹತ್ತಿರ ಹೋದೆವು. ಎರಡೂವರೆ.

ಹೊರಗೆ ಬಂದ ಮೇಲೆ ವಿಠೋಬಾ ಉಗುಳಿದ. "ಕೈ ಬೆವತೈತಿ ಅಕ್ಕಾ. ಎಮ್ಮಿ ಛಲೋ ಇದ್ರ ಮಾರಾಂವನ ಕೈ ಒಣಾ ಇರತದ."

ನೀಲಾ ಬಸ್ ಸ್ಟಾಪಿನಲ್ಲೇ ಅತ್ತಳು. "ನನ್ನ ಮಾನ ಕಳದ್ರಿ. ಕಲಿಯೂದು ಅಂದ್ರ ಎಮ್ಮಿ ಕೊಂಡಂಗ ಏನ ಕಾಕಾ?"

"ಅಲ್ಲವಾ" ಎಂದ ವಿಠೋಬಾ. ಅವನು ನಗದೆ ಮಾತಾಡಿದ್ದನ್ನು ನಾನು ಅವತ್ತೇ ಕಂಡದ್ದು. "ಎಮ್ಮಿ ಬತ್ತಿದ್ರ ಸಂತಿಗಿ ಹೊಡಕೊಂಡ ಬಂದು ಮಾರಬಹುದು. ಡಿಗ್ರಿ ಹೊಳ್ಳಿ ಮಾರಾಕ ಬರಂಗಿಲ್ಲ. ಅದಕ್ಕ ಎಮ್ಮಿಗಿಂತ ಹೆಚ್ಚ ನೋಡಬೇಕು. ಅಲ್ಲಿಂದ ಹೊರಗ ಬಿದ್ದ ಮೂರ ಮಂದೀನ ನೀನ ಹುಡಕು. ಮೂರ ಹೊತ್ತ ಹಿಂಡು. ಆಮ್ಯಾಲೂ ಬೇಕಂದಿ ಅಂದ್ರ ನಿಮ್ಮಜ್ಜಿ ಕೈ ಹಿಡದು ನಾನ ಸಹಿ ಮಾಡಸ್ತೇನಿ."

ಮಾತು ಬಿಟ್ಟ ಹುಡುಗಿ ಫೋನು ಬಿಟ್ಟಿರಲಿಲ್ಲ. ವಾರದೊಳಗೆ ಮೂವರನ್ನೂ ಹಿಡಿದಳು. ಮೊದಲನೆಯವನು ಆ ಟೈ ಹುಡುಗನೇ. ಉದ್ಯಮಬಾಗದಲ್ಲಿ ಅವನಪ್ಪನದೇ ಫೌಂಡ್ರಿ, ಹದಿನೆಂಟು ಲಕ್ಷ ಕೊಡುತ್ತಿದ್ದವನು ಅಪ್ಪ. ಎರಡನೆಯವನು ಸಾಲದ ಕಂತು ವಸೂಲಿ ಮಾಡುತ್ತಾ ಬೈಕಿನಲ್ಲಿ ತಿರುಗುತ್ತಿದ್ದ, ಇಪ್ಪತ್ತು ಸಾವಿರ. ಮೂರನೆಯವಳು ಒಂದು ಅಂಗಡಿಯ ಲೆಕ್ಕ ಬರೆಯುತ್ತಿದ್ದಳು. "ಪಗಾರ ಹದಿನೆಂಟ ಸಾವಿರ, ಕಂತು ಹದಿನಾರು. ಉಳದ ಎರಡರಾಗ ನಾನು ಪದವೀಧರೆ" ಎಂದಳಂತೆ.

ಮೂರನೆಯ ಚರಿಗೆಯ ತಳ ನೀಲಾಗೆ ಕಂಡಿತು. ಅಷ್ಟಕ್ಕೆ ನಿಲ್ಲಿಸಲಿಲ್ಲ. ಊರೊಳಗಿನ ಹಳೆಯ ಕಾಲೇಜಿನಲ್ಲಿ ಅದೇ ಅರ್ಥಶಾಸ್ತ್ರ ಓದಿದ ಮೂವರನ್ನೂ ಕೇಳಿದಳು. ಅವರೂ ತರುತ್ತಿದ್ದದ್ದು ಹದಿನೆಂಟು, ಇಪ್ಪತ್ತು ಸಾವಿರವೇ. ಕಂತು ಮಾತ್ರ ಇರಲಿಲ್ಲ. ಅಲ್ಲಿ ಮೂರು ವರ್ಷದ ಫೀಸು ಒಂದು ಒಳ್ಳೆಯ ಎಮ್ಮೆಯ ಬೆಲೆಯೂ ಆಗಲಿಲ್ಲ. ನಾನು ಒಂದು ಎಮ್ಮೆ ಮಾರಿದೆ, ಅವಳು ಸೇರಿದಳು. ಮೊದಲ ವರ್ಷದಲ್ಲೇ ಒಂದು ಸಂಜೆ ಪುಸ್ತಕ ಹಿಡಿದು ಹಿತ್ತಿಲಿಗೆ ಓಡಿ ಬಂದಳು. "ಅಜ್ಜಿ, ಕಾಕಾನ ನಡುವಿನ ಎಮ್ಮಿ ಪುಸ್ತಕದಾಗೈತಿ! ಅದಕ್ಕ ಮಧ್ಯಾಂಕ ಅಂತಾರ." ವಿಠೋಬಾಗೆ ತಿಳಿಸಿದೆ. "ಅದನ್ನ ಬರದಾಂವ ಯಾರು? ನನ್ನ ದಲಾಲಿ ಕೊಟ್ಟಿಲ್ಲ" ಎಂದ.

ಓದು ಮುಗಿದ ಮೇಲೆ ಒಂದು ವರ್ಷ ನೀಲಾ ಪರೀಕ್ಷೆ ಬರೆಯುತ್ತಾ ಮನೆಯಲ್ಲೇ ಇದ್ದಳು. ಆ ವರ್ಷ ನಾನು ವಿಠೋಬಾನನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ಆದರೆ ಯಾರೂ ಬಾಗಿಲಿಗೆ ಬಂದು ಕಂತು ಕೇಳಲಿಲ್ಲ. ಹೋದ ವರ್ಷ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸವಾಯಿತು. ಸಾಲ ಕೇಳಲು ಬಂದವರ ದುಡಿಮೆ ತೂಗುವ ಕೆಲಸ.

ಮೊದಲ ಪಗಾರದ ವಾರ ಅವಳನ್ನು ಕರೆದುಕೊಂಡು ಖಾನಾಪುರಕ್ಕೆ ಹೋದೆ. ವಿಠೋಬಾ ಹಾಸಿಗೆ ಹಿಡಿದಿದ್ದ. ಮೈಯಲ್ಲಿ ಉಳಿದದ್ದು ಕೈಯೊಂದೇ. ನೋಡಲು ಬಂದ ನೆಂಟರು ಸುತ್ತ ಕೂತಿದ್ದರು.

"ಎಷ್ಟವಾ?" ಎಂದ.

ನೀಲಾ ಬಾಯಿ ತೆರೆದಳು. "ಥೂ ಹುಚ್ಚಿ, ಬಾಯಿಲೆ ಹೇಳ್ತಾರೇನ?" ಎಂದು ಕಂಬಳಿಯ ಅಂಚು ಎತ್ತಿದ. ಅವಳು ಕೈ ಒಳಗೆ ಹಾಕಿದಳು. ಕಂಬಳಿ ಅಲುಗಿದ್ದಷ್ಟೇ ನನಗೆ ಕಂಡದ್ದು. ಎಷ್ಟು ಪಗಾರ ಎಂದು ಆ ಕತ್ತೆ ಹುಡುಗಿ ನನಗೆ ಇವತ್ತಿಗೂ ಹೇಳಿಲ್ಲ. "ನಡುವಿಂದು" ಎಂದ ವಿಠೋಬಾ, ತೃಪ್ತಿಯಿಂದ. "ಗಟ್ಟಿ ಹಾಲು. ಸಾಲ?" ಅವಳು ಒಳಗೇ ಸೊನ್ನೆ ಎಂದು ಮುಷ್ಟಿ ಹಿಡಿದಿರಬೇಕು. ಅವನು ಹಲ್ಲಿಲ್ಲದ ಬಾಯಿ ತೆರೆದು ನಕ್ಕ.

ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕಾ, ಹಾಲ ಬಂತಲ್ಲಾ. ನನ್ನ ದಲಾಲಿ? ಸಾವಿರದಾಗ."

ಕೈ ಕೊಟ್ಟೆ. ಇಡೀ ಪಂಜ ಹಿಡಿದ. "ನಿನ್ನ ಹೆಣಾ ಎತ್ತಲಿ" ಎಂದು ಬೈದು ನಾನು ಎರಡು ಬೆರಳು ಹಿಡಿದೆ. ಅವನು ಮತ್ತೆ ಪಂಜ. ಎಷ್ಟು ಜಗ್ಗಿದರೂ ಇಳಿಯಲಿಲ್ಲ. "ಮುಂದಿನ ಸಂತಿಗಿ ಮುಗಸೂಣು" ಎಂದು ಕೈ ಬಿಟ್ಟ.

ಮುಂದಿನ ಸಂತೆಗೆ ಎರಡು ದಿನ ಇರುವಾಗ, ಸಂಜೆ, ಮಣ್ಣು ಮಾಡಿ ಬಂದೆವು ಎಂದು ಅವನ ಮನೆಯಿಂದ ಫೋನು ಬಂತು.

ಮರುದಿನ ಬೆಳಿಗ್ಗೆ ಎಮ್ಮೆ ಹಿಂಡಿ, ಹಾಲು ಹಾಕಿ, ಖಾನಾಪುರದ ಬಸ್ಸು ಹತ್ತಿದೆ. ಅವನ ಟವೆಲು ಅಂಗಳದ ಹಗ್ಗದ ಮೇಲೆ ಒಣಗುತ್ತಿತ್ತು. ಅದನ್ನು ತೆಗೆದುಕೊಂಡು ಒಳಗೆ ಹೋಗಿ, ಅವನ ಹೆಂಡತಿಯ ಕೈಯ ಮೇಲೆ ಮುಚ್ಚಿ, ಕೆಳಗೆ ನಾಲ್ಕೂವರೆ ಸಾವಿರ ಇಟ್ಟೆ. ಐದೂ ಕೊಟ್ಟಿದ್ದರೆ, ಇಷ್ಟು ವರ್ಷ ಕಲಿಸಿದ್ದೆಲ್ಲ ದಂಡವಾಯಿತು ಎಂದು ಅವನು ಎದ್ದು ಕೂತು ಬೈಯುತ್ತಿದ್ದ.